ಮಾತಿನ ಮುಯ್ಯಾಳು

"ಬುದ್ಧಿ, ಕೇಳಿದರೂ ಬಾಯಿ ಬಿಡದ ಜನರನ್ನು ಏನು ಮಾಡಬೇಕು?"

ಹೀಗೆ ಕೇಳಿದವನು ಮರುಳಸಿದ್ಧ. ಮಠದ ಸಮುದಾಯ ಕಾಲೇಜಿನ ಹೊಣೆ ಅವನ ಹೆಗಲಿಗೆ ಬಿದ್ದು ಎರಡು ವರ್ಷವಾಗಿತ್ತು. ಹೊಲಿಗೆ, ವಿದ್ಯುತ್ ಕೆಲಸ, ರೋಗಿಗಳ ಆರೈಕೆ, ಅಂಗಡಿ ಲೆಕ್ಕ, ಹೀಗೆ ಊರಿನವರ ಕೈಗೊಂದು ಕಸುಬು ಕೊಡುವ ಕಾಲೇಜು ಅದು. ಮುಂದಿನ ಐದು ವರ್ಷ ಅದು ಯಾವ ದಾರಿ ಹಿಡಿಯಬೇಕು ಎಂಬ ಯೋಜನೆಯನ್ನು ಅವನು ಬರೆಯಬೇಕಾಗಿತ್ತು. ಕಲಿಯುವವರು, ಹೆತ್ತವರು, ಅಂಗಡಿಯವರು, ಕಾರ್ಖಾನೆಯವರು ಎಲ್ಲರನ್ನೂ ಕೇಳಿಯೇ ಬರೆಯಬೇಕೆಂದು ಗುರುಗಳ ಅಪ್ಪಣೆಯಾಗಿತ್ತು.

ಅವನು ಹಿಂದಿನ ದಿನ ಸಭೆ ಕರೆದಿದ್ದ. ಕುರ್ಚಿ ಹಾಕಿಸಿದ್ದ, ಮೈಕು ಕಟ್ಟಿಸಿದ್ದ, ಮಂಡಕ್ಕಿ ಮೆಣಸಿನಕಾಯಿ ತರಿಸಿದ್ದ. ಬಂದವರು ನಾಲ್ಕು ಜನ. ಮಂಡಕ್ಕಿ ತಿಂದರು, "ನಿಮಗೆ ತಿಳಿದ ಹಾಗೆ ಮಾಡಿ" ಎಂದರು, ಎದ್ದು ಹೋದರು.

"ಹೋದ ವರ್ಷ ಹೀಗಿರಲಿಲ್ಲ ಬುದ್ಧಿ. ಮೈಕು ಕಿತ್ತುಕೊಂಡು ಮಾತಾಡಿದ್ದರು. ಈಗ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ಇವರನ್ನು ಕೇಳಿ ಪ್ರಯೋಜನವಿಲ್ಲ. ನಾನೇ ಕೂತು ಬರೆದುಬಿಡುತ್ತೇನೆ. ಒಳ್ಳೆಯದನ್ನೇ ಬರೆಯುತ್ತೇನೆ."

"ಕೂತುಕೋ" ಎಂದರು ಗುರುಗಳು.

ಗುರುಗಳು ಕೂತುಕೋ ಎಂದರೆ ಬೈಗುಳ ಬರಬೇಕು, ಇಲ್ಲವೇ ಕತೆ ಬರಬೇಕು. ಮರುಳಸಿದ್ಧ ಎರಡಕ್ಕೂ ಸಿದ್ಧನಾಗಿ ಕೂತ. ಆ ದಿನ ಬಂದದ್ದು ಕತೆ.

ಒಂದು ಊರಿತ್ತು. ಊರಿಗೊಂದು ಕೆರೆ, ಕೆರೆಯ ಕೆಳಗೆ ಗದ್ದೆ, ಗದ್ದೆಯಾಚೆ ನೇಕಾರರ ಕೇರಿ. ಊರಿನ ನಡುವೆ ಒಂದು ವಿದ್ಯಾಶಾಲೆ. ಅಲ್ಲಿ ಮಕ್ಕಳು ಮಾತ್ರ ಕಲಿಯುತ್ತಿರಲಿಲ್ಲ. ಮೀಸೆ ಬಂದವರೂ ಮದುವೆಯಾದವರೂ ಬಂದು ಲೆಕ್ಕವನ್ನೋ ಮರಗೆಲಸವನ್ನೋ ನೂಲಿಗೆ ಬಣ್ಣ ಕಟ್ಟುವುದನ್ನೋ ಕಲಿತು ಹೋಗಲಿ ಎಂದು ಹಿಂದಿನ ದೊರೆಯೊಬ್ಬ ಅದನ್ನು ಕಟ್ಟಿಸಿದ್ದ. ಆ ಶಾಲೆಗೆ ಒಬ್ಬ ಉಪಾಧ್ಯಾಯ ಹಿರಿಯನಾಗಿದ್ದ.

ಉಪಾಧ್ಯಾಯ ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ, ತಾನು ಒಳ್ಳೆಯವನೆಂಬುದು ಯಾರಿಗೂ ತಿಳಿಯಬಾರದು ಎಂದು ಎಚ್ಚರವಹಿಸುವಷ್ಟು. ಮಾಡಿದ್ದನ್ನು ಬಾಯಿಬಿಟ್ಟು ಹೇಳಿಕೊಳ್ಳುವವನು ಹಗುರ ಮನುಷ್ಯ ಎಂದು ಅವನ ತಂದೆ ಚಿಕ್ಕಂದಿನಲ್ಲೇ ಕಲಿಸಿದ್ದ. ಮಗ ಆ ಮಾತನ್ನು ಜನಿವಾರದಷ್ಟೇ ಜೋಪಾನವಾಗಿ ಇಟ್ಟುಕೊಂಡಿದ್ದ.

ಅವನು ಶಾಲೆಗೆ ಬಂದ ಹೊಸದರಲ್ಲಿ ಡಂಗುರ ಹೊಡೆಸಿದ. ಶಾಲೆ ಮುಂದೆ ಏನು ಮಾಡಬೇಕು, ಬಂದು ಹೇಳಿ ಎಂದು ಊರನ್ನೇ ಕರೆದ. ಊರೂ ಬಂತು. ಜಗಲಿ ತುಂಬಿ ಅಂಗಳ ತುಂಬಿತು. ರೈತನೊಬ್ಬ ಗದ್ದೆಗೆ ನೀರು ಹಂಚುವ ಲೆಕ್ಕ ಕಲಿಸಿ ಎಂದ. ನೇಕಾರರ ಹೆಂಗಸೊಬ್ಬಳು ಬಣ್ಣದ ಪಾಠವನ್ನು ದೀಪ ಹಚ್ಚಿದ ಮೇಲೆ ಇಡಿ, ಹಗಲೆಲ್ಲ ಮಗ್ಗ ನಮ್ಮನ್ನು ಬಿಡುವುದಿಲ್ಲ ಎಂದಳು. ವ್ಯಾಪಾರಿಯೊಬ್ಬ ನಿಮ್ಮಲ್ಲಿ ಕಲಿತ ಹುಡುಗರು ಮೊದಲು ನನ್ನ ಮಳಿಗೆಗೆ ಬರಬೇಕು, ಆಮೇಲೆ ಬೇರೆ ಕಡೆಗೆ ಎಂದ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಎದ್ದು ನಿಲ್ಲುತ್ತಿದ್ದರು. ಉಪಾಧ್ಯಾಯ ಎಲ್ಲವನ್ನೂ ಕೇಳಿದ. ಕೈ ಮುಗಿದ. ಒಳಗೆ ಹೋದ.

ಒಳಗೆ ಹೋದವನು ಸುಮ್ಮನೆ ಕೂರಲಿಲ್ಲ. ನಿದ್ದೆಗೆಟ್ಟು ಯೋಚಿಸಿದ. ಆಗುವುದನ್ನು ಮಾಡಿದ, ಆಗದ್ದನ್ನು ಬಿಟ್ಟ. ಆದರೆ ಮಾಡಿದ್ದನ್ನು ಮಾಡಿದೆ ಎಂದು ಯಾರಿಗೂ ಹೇಳಲಿಲ್ಲ, ಅದು ಅವನ ಸಂಕೋಚ. ಆಗದ್ದನ್ನು ಆಗಲಿಲ್ಲ ಎಂದೂ ಹೇಳಲಿಲ್ಲ, ಅದು ಅವನ ನಾಚಿಕೆ. ಹೀಗೆ ಮೂರು ವರ್ಷ ಕಳೆಯಿತು.

ಶಾಲೆಗೆ ಬರುವವರು ಕಡಿಮೆಯಾಗುತ್ತ ಬಂದರು. ದೊರೆಯ ಕಿವಿಗೂ ಅದು ಬಿತ್ತು. ಈಗಿನ ದೊರೆಗೆ ಕುದುರೆಗಳೆಂದರೆ ಪ್ರಾಣ. ಅವನು ಒಂದು ದಿನ ಬಂದು ಖಾಲಿ ಜಗಲಿಯನ್ನು ನೋಡಿದ, ಅಗಲವಾದ ಪಡಸಾಲೆಯನ್ನು ನೋಡಿದ, ಎತ್ತರದ ಸೂರನ್ನು ನೋಡಿದ.

"ಉಪಾಧ್ಯಾಯರೆ, ನನ್ನ ಅಜ್ಜ ಇದನ್ನು ಊರಿಗಾಗಿ ಕಟ್ಟಿಸಿದರು. ಊರಿಗೇ ಬೇಡವಾದರೆ ನನಗೆ ಇದೊಂದು ಒಳ್ಳೆಯ ಲಾಯವಾಗುತ್ತದೆ. ಕೊಯ್ಲು ಮುಗಿದ ಮೇಲೆ ಬರುತ್ತೇನೆ. ಆಗ ಈ ಶಾಲೆ ನಮ್ಮದು ಎಂದು ಊರು ಹೇಳಲಿ. ನೀವು ಹೇಳಿದರೆ ಸಾಲದು, ಊರು ಹೇಳಬೇಕು" ಎಂದ.

ದೊರೆಯ ಹಿಂದೆ ಲಾಯದ ಮುಖ್ಯಸ್ಥ ಬಂದಿದ್ದ. ಅವನು ಬಹಳ ಮುಂದಾಲೋಚನೆಯ ಮನುಷ್ಯ. ಆಗಲೇ ಪಡಸಾಲೆಯನ್ನು ಹೆಜ್ಜೆಯಲ್ಲಿ ಅಳೆದ. ಇಲ್ಲಿ ಕಪ್ಪು ಕುದುರೆ, ಅಲ್ಲಿ ಕೆಂದು ಕುದುರೆ ಎಂದು ಬೆರಳು ತೋರಿಸಿದ. ವ್ಯಾಕರಣದ ಪಾಠ ನಡೆಯುವ ಮೂಲೆ ಹುಲ್ಲು ಒಟ್ಟುವುದಕ್ಕೆ ಹೇಳಿ ಮಾಡಿಸಿದ ಹಾಗಿದೆ ಎಂದ. ಹೋಗುವ ಮೊದಲು ಜೀನು ತೂಗುಹಾಕುವುದಕ್ಕೆಂದು ಗೋಡೆಯುದ್ದಕ್ಕೂ ಗೂಟ ಹೊಡೆಸಿಯೇ ಹೋದ.

ಮರುಳಸಿದ್ಧ ನಕ್ಕ. ಗುರುಗಳು ನಗಲಿಲ್ಲ.

"ನಗಬೇಡ. ಒಂದೊಂದು ಗೂಟದ ಏಟೂ ಉಪಾಧ್ಯಾಯನ ಎದೆಗೆ ಬೀಳುತ್ತಿತ್ತು" ಎಂದು ಕತೆ ಮುಂದುವರಿಸಿದರು.

ಉಪಾಧ್ಯಾಯ ಮತ್ತೆ ಡಂಗುರ ಹೊಡೆಸಿದ. ಶಾಲೆ ಮುಂದೇನು ಮಾಡಬೇಕು, ಬಂದು ಹೇಳಿ ಎಂದು ಕರೆದ. ಆ ಸಲ ಜಗಲಿಗೆ ಬಂದವರು ಇಬ್ಬರು. ಒಬ್ಬನಿಗೆ ಕಿವಿ ಕೇಳುತ್ತಿರಲಿಲ್ಲ. ಇನ್ನೊಬ್ಬ ಬಿಸಿಲಿಗೆ ನೆರಳು ಹುಡುಕಿಕೊಂಡು ಬಂದ ದಾರಿಹೋಕ.

ಬರದಿದ್ದರೆ ನಾನೇ ಹೋಗುತ್ತೇನೆ ಎಂದು ಉಪಾಧ್ಯಾಯ ಹೆಗಲಿಗೆ ವಲ್ಲಿ ಹಾಕಿಕೊಂಡು ಹೊರಟ. ವ್ಯಾಪಾರಿ ಮಣೆ ಹಾಕಿದ, ಬಾಳೆಹಣ್ಣು ಕೊಟ್ಟ, ಮಾತು ಕೊಡಲಿಲ್ಲ. "ಎಲ್ಲ ಚೆನ್ನಾಗಿದೆ, ನಿಮಗೆ ನಾವು ಹೇಳುವುದೇ?" ಎಂದು ತಕ್ಕಡಿ ಒರೆಸುತ್ತ ನಿಂತ. ನೇಕಾರರ ಹೆಂಗಸಿನ ಮಗ್ಗ ನಿಲ್ಲಲೇ ಇಲ್ಲ. ಅದರ ಸದ್ದಿನಲ್ಲಿ ಅವನು ಕೇಳಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ, ಅವಳು ತಲೆಯಾಡಿಸಿದ್ದು ಹೌದೆಂದೋ ಅಲ್ಲವೆಂದೋ, ಅವನಿಗೆ ಒಂದೂ ಗೊತ್ತಾಗಲಿಲ್ಲ.

ಅವನಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳು ಬಂತು. ಇವರಿಗಾಗಿ ಎಷ್ಟು ಮಾಡಿದೆ, ಒಬ್ಬರಿಗಾದರೂ ನೆನಪಿದೆಯೇ ಎಂದುಕೊಂಡ. ನೆನಪಿರುವುದಕ್ಕೆ ಅವರಿಗೆ ಗೊತ್ತಿರಬೇಕಲ್ಲ ಎಂಬುದು ಆಗಿನ್ನೂ ಅವನಿಗೆ ಹೊಳೆದಿರಲಿಲ್ಲ.

ಅಳು ನುಂಗಿಕೊಂಡು ಗದ್ದೆಯ ಬದುವಿಗೆ ಬಂದ. ನಾಟಿಯ ಕಾಲ. ಹೆಂಗಸರು ಸಾಲು ಹಿಡಿದು ನೆಡುತ್ತಿದ್ದರು. ರೈತ ಸಸಿಯ ಕಟ್ಟುಗಳನ್ನು ಅವರ ನಡುವೆ ಎಸೆಯುತ್ತಿದ್ದ. ಹಾಡು, ಕೇಕೆ, ಒಬ್ಬರ ಕಾಲು ಒಬ್ಬರು ಎಳೆಯುವುದು ಎಲ್ಲ ನಡೆದಿತ್ತು. ಉಪಾಧ್ಯಾಯ ಬಂದು ನಿಂತದ್ದೇ ಹಾಡು ನಿಂತಿತು.

"ಗೌಡರೆ, ಶಾಲೆ ಮುಂದೆ ಏನು ಮಾಡಬೇಕು, ನೀವು ಹೇಳಬೇಕು" ಎಂದ ಉಪಾಧ್ಯಾಯ.

"ನಿಮ್ಮ ಚಿತ್ತ ಅಯ್ನೋರೆ" ಎಂದ ರೈತ. ತಲೆ ಎತ್ತಲಿಲ್ಲ. ಇನ್ನೊಂದು ಕಟ್ಟು ಎಸೆದ.

ಉಪಾಧ್ಯಾಯನಿಗೆ ಮುಂದೇನು ಕೇಳಬೇಕೆಂದು ತೋಚಲಿಲ್ಲ. ಹಾಗೆಂದು ಹಿಂದಿರುಗಿ ಹೋಗುವುದಕ್ಕೂ ಮುಖವಿರಲಿಲ್ಲ. ಸುಮ್ಮನೆ ಅತ್ತ ಇತ್ತ ನೋಡಿದ. ಸುತ್ತಲ ಗದ್ದೆಗಳೆಲ್ಲ ಹಸಿರಾಗಿದ್ದವು. ಪಕ್ಕದ ಒಂದು ಗದ್ದೆಯಲ್ಲಿ ಮಾತ್ರ ಬರೀ ಕೆಸರು. ಅಲ್ಲಿ ಗಂಡ ಸಸಿ ಕೀಳುತ್ತಿದ್ದ, ಹೆಂಡತಿ ಒಬ್ಬಳೇ ನೆಡುತ್ತಿದ್ದಳು. ಈ ಮೂಲೆ ನೆಟ್ಟು ಮುಗಿಸುವ ಹೊತ್ತಿಗೆ ಆ ಮೂಲೆಗೆ ಬೇಕಾದ ಸಸಿ ಬಲಿತುಹೋಗುವುದು ಖಂಡಿತ.

"ಅಲ್ಲಿಗೆ ಯಾಕೆ ಯಾರೂ ಹೋಗಿಲ್ಲ?" ಎಂದು ಕೇಳಿದ.

"ಅವ್ನಾ? ಹೋದ್ ವರ್ಷ ನಾವೆಲ್ಲ ಅವ್ನ ಗದ್ದೆಗೆ ಮುಯ್ಯಾಳು ಹೋಗಿದ್ವಿ. ನಮ್ಮ ಗದ್ದೆಗೆ ಅವ್ನು ಬರ್ಲಿಲ್ಲ."

"ಕೆಟ್ಟವನೇ?"

"ಛೇ ಛೇ, ಚಿನ್ನದಂಥ ಮನ್ಸ. ಅವತ್ತು ಮಗಳಿಗೆ ಮೈ ಸರಿ ಇರ್ಲಿಲ್ವಂತೆ. ಬಂದು ಒಂದ್ ಮಾತು ಹೇಳಿದ್ರೆ ಆಗ್ತಿತ್ತು ಅಯ್ನೋರೆ. ಬರ್ಲೂ ಇಲ್ಲ, ಹೇಳ್ಲೂ ಇಲ್ಲ. ಅವ್ನು ಸುಮ್ಮನಾದ. ನಾವೂ ಸುಮ್ಮನಾದ್ವಿ."

ಮುಯ್ಯಾಳು ಎಂದರೆ ಕೂಲಿಯಿಲ್ಲದ ಕೆಲಸ. ಇಂದು ನೀನು ನನ್ನ ಗದ್ದೆಗೆ, ನಾಳೆ ನಾನು ನಿನ್ನ ಗದ್ದೆಗೆ. ಬಾ ಎಂದು ಯಾರೂ ನೆನಪಿಸುವುದಿಲ್ಲ. ಬಾರದಿದ್ದರೆ ಪಂಚಾಯಿತಿಯೂ ಇಲ್ಲ, ಜಗಳವೂ ಇಲ್ಲ. ಮುಂದಿನ ವರ್ಷ ಅವನ ಗದ್ದೆಗೆ ಯಾರೂ ಇಳಿಯುವುದಿಲ್ಲ, ಅಷ್ಟೇ.

ರೈತ ಆಡಿದ್ದು ಪಕ್ಕದ ಗದ್ದೆಯವನ ಮಾತು. ಅವನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಆದರೆ ಬದುವಿನ ಮೇಲೆ ನಿಂತ ಉಪಾಧ್ಯಾಯನಿಗೆ ಕೇಳಿಸಿದ್ದು ತನ್ನದೇ ಕತೆ. ಮಗ್ಗ ಬಿಟ್ಟು, ಗದ್ದೆ ಬಿಟ್ಟು, ಮಳಿಗೆ ಬಿಟ್ಟು ಬಂದು ಈ ಜನ ತನ್ನ ಜಗಲಿಯಲ್ಲಿ ಒಂದು ದಿನ ಕೂತಿದ್ದರು. ತಮಗೆ ತೋಚಿದ ಮಾತನ್ನು ತನ್ನ ಗದ್ದೆಯಲ್ಲಿ ನೆಟ್ಟು ಹೋಗಿದ್ದರು. ತಾನು ಬೆಳೆ ತೆಗೆದ. ಆದರೆ ತಿರುಗಿ ಯಾರ ಮನೆಗೂ ಹೋಗಲಿಲ್ಲ. ಹಿಂಜರಿಕೆಯನ್ನೇ ದೊಡ್ಡಗುಣವೆಂದು ತಿಳಿದು ಮೂರು ವರ್ಷ ಬಾಗಿಲು ಹಾಕಿಕೊಂಡು ಕೂತ. ಆ ಕೆಸರುಗದ್ದೆಯವನೂ ತಾನೂ ಒಂದೇ.

ಅವನು ಚಪ್ಪಲಿ ಬಿಟ್ಟ. ಪಂಚೆ ಎತ್ತಿ ಕಟ್ಟಿದ. ಗದ್ದೆಗೆ ಇಳಿದು ರೈತನ ಎದುರಿಗೆ ಹೋಗಿ ನಿಂತ.

"ಗೌಡರೆ, ಹಿಂದೆ ನಾನು ಕರೆದಾಗ ನೀವು ಬಂದು ಏನು ಹೇಳಿದ್ದಿರಿ?"

"ಬಿಡಿ ಅಯ್ನೋರೆ, ಅದ್ಯಾಕೆ ಈಗ."

"ಹೇಳಿ."

"ನೀರು ಹಂಚೋ ಲೆಕ್ಕ ಕಲ್ಸಿ ಅಂದಿದ್ದೆ. ತೂಬಿನ ಹತ್ರ ವರ್ಷ ವರ್ಷ ಹೊಡೆದಾಟ. ನಮ್ಮಣ್ಣನ ಕೈ ಮುರಿದದ್ದು ಅಲ್ಲೇ ಅಲ್ವಾ."

"ಈಗ ಹೊಡೆದಾಟ ಇದೆಯೇ?"

ರೈತ ಯೋಚಿಸಿದ. "ಇಲ್ಲ. ಈಗಿನ ನೀರುಗಂಟಿ ಹುಡುಗ ಭಾರಿ ಚುರುಕು. ಕಡ್ಡಿ ಇಟ್ಟು ಅಳ್ದು ಬಿಡ್ತಾನೆ. ಯಾರೂ ತುಟಿ ಬಿಚ್ಚೋ ಹಂಗಿಲ್ಲ."

"ಆ ಹುಡುಗನಿಗೆ ಕಡ್ಡಿ ಇಟ್ಟು ಅಳೆಯುವುದನ್ನು ಕಲಿಸಿದ್ದು ಶಾಲೆಯಲ್ಲಿ. ನೀವು ಹೇಳಿದಿರಿ ಎಂದೇ ಕಲಿಸಿದ್ದು. ನೀವು ಹೇಳದಿದ್ದರೆ ನನಗೆ ಅದು ಹೊಳೆಯುತ್ತಲೇ ಇರಲಿಲ್ಲ. ಬಂದು ಇದನ್ನು ಹೇಳಬೇಕಾಗಿತ್ತು. ಹೇಳಲಿಲ್ಲ. ತಪ್ಪಾಯಿತು."

ರೈತನ ಕೈಯಲ್ಲಿದ್ದ ಸಸಿಯ ಕಟ್ಟು ಅಲ್ಲೇ ನಿಂತಿತು. ಅವನು ಬೆನ್ನು ನೆಟ್ಟಗೆ ಮಾಡಿದ. ಆ ದಿನ ಮೊದಲ ಸಲ ಉಪಾಧ್ಯಾಯನ ಮುಖ ನೋಡಿದ.

"ನಾನು ಹೇಳಿದ್ದಕ್ಕಾ?"

"ನೀವು ಹೇಳಿದ್ದಕ್ಕೇ."

ರೈತ ಹೆಂಗಸರ ಸಾಲಿನ ಕಡೆ ತಿರುಗಿದ. ಗದ್ದೆಯ ಆ ತುದಿಗೆ ಕೇಳುವ ಹಾಗೆ ಕೂಗಿದ. "ಕೇಳಿದ್ರೇನ್ರೇ! ತೂಬಿನ ಲೆಕ್ಕ ನಾನ್ ಹೇಳಿದ್ದಂತೆ! ನಾನ್ ಹೇಳಿದ್ದಕ್ಕೇ ಕಲ್ಸಿದ್ದಂತೆ! ಈ ಊರಲ್ಲಿ ಇನ್ನು ಕೈ ಮುರಿಯಲ್ವಂತೆ!"

ಹೆಂಗಸರ ಸಾಲಿನಿಂದ ಕೇಕೆ ಬಂತು. "ಹಂಗಾದ್ರೆ ಗೌಡ ಇವತ್ತು ಹೋಳಿಗೆ ಹಾಕಿಸ್ಲಿ" ಎಂದಳು ಒಬ್ಬಳು. ಮುದುಕಿಯೊಬ್ಬಳು ಸಾಲು ಬಿಟ್ಟು ಕೆಸರಿನಲ್ಲೇ ಮುಂದೆ ಬಂದಳು. "ಅಯ್ನೋರೆ, ನನ್ನದೂ ಒಂದ್ ಮಾತು ಕೇಳಿ. ಗದ್ದೆಗೆ ನೀರು ಕಟ್ಟೋರು ನಾವು, ಲೆಕ್ಕ ಕಲ್ಸೋದು ಗಂಡು ಹುಡುಗ್ರಿಗೆ. ಇದ್ಯಾವ ನ್ಯಾಯ? ನಮ್ಮ ಹೆಣ್ಮಕ್ಳಿಗೂ ಕಲ್ಸಿ" ಎಂದಳು. ಅವಳ ಹಿಂದೆ ಇನ್ನೊಬ್ಬಳು. ಅವಳು ಮುಗಿಸುವ ಮೊದಲೇ ಮತ್ತೊಬ್ಬಳು. ಮೂರು ವರ್ಷ ಹಿಡಿದಿಟ್ಟ ಮಾತು ಮಡೆ ಬಿಚ್ಚಿದ ನೀರಿನ ಹಾಗೆ ಬಂತು. ಉಪಾಧ್ಯಾಯ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕೇಳಿದ. ಅವನ ಕಣ್ಣು ತುಂಬಿತ್ತು. ಅವನು ಅಷ್ಟು ಸಂತೋಷಪಟ್ಟದ್ದು ಹುಟ್ಟಿದ ಮೇಲೆ ಅದೇ ಮೊದಲು.

ಹೋಗುವಾಗ ಪಕ್ಕದ ಗದ್ದೆಯವನ ಬದುವಿನಲ್ಲಿ ನಿಂತ. ಮಗಳು ಹೇಗಿದ್ದಾಳೆ ಎಂದು ವಿಚಾರಿಸಿದ. ವಾಸಿಯಾಗಿದ್ದಾಳೆ ಎಂದು ಅವನು ಹೇಳಿದ.

"ನನ್ನದೂ ನಿನ್ನದೂ ಒಂದೇ ಕತೆಯಪ್ಪ. ನಾನು ಈಗ ಹೋಗಿ ಬಾಯಿಬಿಟ್ಟು ಹೇಳಿ ಬಂದೆ. ಯಾರೂ ಬೈಯಲಿಲ್ಲ" ಎಂದಷ್ಟೇ ಹೇಳಿ ಹೊರಟ.

ಮರುದಿನ ರೈತನ ಗದ್ದೆಯ ಸಾಲಿನಲ್ಲಿ ಗಂಡ ಹೆಂಡಿರಿಬ್ಬರು ಹೆಚ್ಚಾಗಿದ್ದರು. ಅದರ ಮರುದಿನ ಆ ಇಡೀ ಸಾಲು ಕೆಸರುಗದ್ದೆಯಲ್ಲಿತ್ತು.

ಉಪಾಧ್ಯಾಯ ನೇಕಾರರ ಕೇರಿಗೆ ಹೋದದ್ದು ಮಾತ್ರ ಅಷ್ಟು ಹಗುರ ಮನಸ್ಸಿನಿಂದಲ್ಲ. ಅಲ್ಲಿ ಅವನು ಹೇಳಬೇಕಾದದ್ದು ಮಾಡಿದ ಕೆಲಸವನ್ನಲ್ಲ, ಮಾಡದೆ ಬಿಟ್ಟದ್ದನ್ನು. ಮಾಡಿದ್ದನ್ನು ಹೇಳುವುದಕ್ಕೆ ಸಂಕೋಚ ಮುರಿದರೆ ಸಾಕು. ಮಾಡದ್ದನ್ನು ಹೇಳುವುದಕ್ಕೆ ಎದೆ ಬೇಕು. ಬಾಗಿಲ ಬಳಿ ಎರಡು ಸಲ ಹಿಂದೆ ಮುಂದೆ ತಿರುಗಾಡಿ ಕೊನೆಗೆ ಒಳಗೆ ಹೋದ.

"ತಾಯಿ, ಪಾಠವನ್ನು ದೀಪ ಹಚ್ಚಿದ ಮೇಲೆ ಇಡಿ ಎಂದಿದ್ದಿರಿ. ನನ್ನಿಂದ ಆಗಲಿಲ್ಲ. ಆಗಲಿಲ್ಲವೆಂದು ಹೇಳುವುದಕ್ಕೂ ಬರಲಿಲ್ಲ" ಎಂದ.

ಮಗ್ಗ ನಿಂತಿತು.

"ಆಗ್ಲೇ ಬಂದು ಹೇಳ್ಬೇಕಿತ್ತು. ಇವತ್ತು ಕರೀತಾರೆ ನಾಳೆ ಕರೀತಾರೆ ಅಂತ ದಿನಾ ಸಂಜೆ ಸೀರೆ ಬದಲಾಯಿಸ್ಕೊಂಡು ಕೂತಿದ್ದೀನಿ, ಗೊತ್ತಾ ನಿಮ್ಗೆ? ನಮ್ಮ ಸೀರೆ ಒಂದು ಒಗೆತಕ್ಕೇ ಬಣ್ಣ ಬಿಡುತ್ತೆ ಅಂತ ಸಂತೇಲಿ ನಗ್ತಾರೆ. ನನ್ನ ಮಗ್ಳಿಗಾದ್ರೂ ಆ ಮಾತು ತಪ್ಪಲಿ ಅಂತಿದ್ದೆ" ಎಂದಳು. ಅವಳ ದನಿ ಏರಿತು. ಉಪಾಧ್ಯಾಯ ತಲೆ ತಗ್ಗಿಸಿ ನಿಂತ. ಅವಳ ಸಿಟ್ಟು ಮುಗಿಯುವವರೆಗೆ ನಿಂತ. ಆಮೇಲೆ ಅವಳೇ ಕೇಳಿದಳು. "ಯಾಕಾಗ್ಲಿಲ್ಲ?"

"ದೀಪಕ್ಕೆ ಎಣ್ಣೆ ಸಾಲಲಿಲ್ಲ ತಾಯಿ. ಅಷ್ಟು ದೊಡ್ಡ ಪಡಸಾಲೆ. ಮೂಲೆಮೂಲೆಗೂ ಬೆಳಕು ಬೇಕು. ಬೆಳಕಿಲ್ಲದೆ ಬಣ್ಣ ಹೇಗೆ ತೋರಿಸಲಿ?"

"ಎಣ್ಣೆಗಾ?" ಎಂದಳು ಹೆಂಗಸು. ಅವಳಿಗೆ ನಗು ಬಂತು. "ಎಣ್ಣೆ ಇಲ್ಲ ಅಂತ ನಮ್ಮನ್ನ ಇಷ್ಟು ದಿನ ಕತ್ಲಲ್ಲಿ ಇಟ್ರಾ? ಕಲಿಯೋಕೆ ಬರೋರು ಮನೆಯಿಂದ ಒಂದೊಂದು ದೀಪ ತರ್ತೀವಿ. ಬರೋವಾಗ ದಾರಿಗೂ ಬೆಳಕಾಯ್ತು, ಬಂದ್ಮೇಲೆ ಪಾಠಕ್ಕೂ ಆಯ್ತು. ನಾಳೆಯಿಂದ ಸುರು ಮಾಡಿ."

ಉಪಾಧ್ಯಾಯ ಆ ಸಂಜೆ ಬೀದಿಯಲ್ಲಿ ಒಬ್ಬನೇ ನಗುತ್ತ ನಡೆದ. ತಾನೊಬ್ಬನೇ ಹೊತ್ತುಕೊಂಡಿದ್ದರಿಂದ ಆ ಹೊರೆ ಮೂರು ವರ್ಷ ಭಾರವಾಗಿತ್ತು. ಇಳಿಸಿ ತೋರಿಸಿದ ಕೂಡಲೇ ಹತ್ತು ಕೈ ಬಂದವು.

ಮರುದಿನ ಹೆಂಗಸರು ದೀಪ ತಂದರು. ಇಡುವುದೆಲ್ಲಿ ಎಂದು ಸುತ್ತ ನೋಡಿದರು. ಗೋಡೆಯುದ್ದಕ್ಕೂ ಗೂಟಗಳಿದ್ದವು. ಲಾಯದ ಮುಖ್ಯಸ್ಥ ಬಹಳ ಒಳ್ಳೆಯ ಮರದಲ್ಲೇ ಮಾಡಿಸಿದ್ದ. ಎಲ್ಲ ಗೂಟಕ್ಕೂ ಒಂದೊಂದು ದೀಪ ತೂಗಿತು.

ಇನ್ನು ಉಳಿದದ್ದು ವ್ಯಾಪಾರಿ. ಅವನು ಕೇಳಿದ್ದನ್ನು ಉಪಾಧ್ಯಾಯ ಮಾಡಿರಲೂ ಇಲ್ಲ, ಮಾಡುವವನೂ ಅಲ್ಲ. ಅದನ್ನು ಅವನ ಮಳಿಗೆಯಲ್ಲೇ ನಿಂತು ಹೇಳಿದ. "ಶೆಟ್ಟರೆ, ಕಲಿತವರು ಮೊದಲು ನಿಮ್ಮಲ್ಲಿಗೇ ಬರಬೇಕು ಎಂದಿದ್ದಿರಿ. ಅದು ಆಗುವುದಿಲ್ಲ. ಶಾಲೆ ಒಬ್ಬರ ಮಳಿಗೆಗೆ ಆಳು ಒದಗಿಸುವುದಕ್ಕಿಲ್ಲ. ಕಲಿತವನು ತನ್ನ ಮನಸ್ಸು ಬಂದ ಕಡೆ ಹೋಗಬೇಕು."

ವ್ಯಾಪಾರಿಯ ಮುಖ ಕೆಂಪಾಯಿತು. ಈ ಸಲ ಬಾಳೆಹಣ್ಣು ಬರಲಿಲ್ಲ. ಉಪಾಧ್ಯಾಯ ಬರಿಗೈಯಲ್ಲಿ ಬಂದ. ಇವನೊಬ್ಬ ಕೈಬಿಟ್ಟ ಎಂದೇ ತಿಳಿದ.

ಕೊಯ್ಲು ಮುಗಿಯಿತು. ದೊರೆ ಬಂದ. ಹಿಂದೆ ಕುದುರೆಗಳ ಸಾಲು ಬಂತು. ಲಾಯದ ಮುಖ್ಯಸ್ಥ ಹುಲ್ಲಿನ ಗಾಡಿಯನ್ನೂ ಜೊತೆಗೇ ಹೊಡೆಸಿಕೊಂಡು ಬಂದಿದ್ದ. ಆದರೆ ಅಂಗಳದೊಳಗೆ ಗಾಡಿ ನುಗ್ಗಿಸುವುದಿರಲಿ, ಕಾಲಿಡುವುದಕ್ಕೂ ಜಾಗವಿರಲಿಲ್ಲ. ಊರಿಗೆ ಊರೇ ಅಲ್ಲಿತ್ತು. ಡಂಗುರ ಯಾರೂ ಹೊಡೆಸಿರಲಿಲ್ಲ.

ಉಪಾಧ್ಯಾಯ ಮಾತಾಡಲು ಎದ್ದು ನಿಂತ. ದೊರೆ ಕೈ ಎತ್ತಿ ತಡೆದ.

"ನಿಮ್ಮ ಮಾತು ಬೇಡ. ಊರು ಹೇಳಲಿ. ಈ ಶಾಲೆ ಯಾರದು?"

"ನಂದು" ಎಂದ ರೈತ, ದೊರೆ ಕೇಳಿ ಮುಗಿಸುವುದರೊಳಗೆ. "ತೂಬಿನ ಲೆಕ್ಕ ಕಲ್ಸಿ ಅಂತ ಹೇಳಿದೋನು ನಾನು."

"ಅವನದೊಬ್ಬನದೇ ಹೆಂಗಾಗುತ್ತೆ? ಹೆಣ್ಮಕ್ಳಿಗೂ ಕಲ್ಸಿ ಅಂದೋಳು ನಾನು" ಎಂದಳು ಮುದುಕಿ. ಅವಳ ಮೊಮ್ಮಗಳು ಅಳತೆಯ ಕಡ್ಡಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

ನೇಕಾರರ ಹೆಂಗಸು ಬಾಯಿಮಾತಿಗೆ ಹೋಗಲಿಲ್ಲ. ಒಂದು ಕೆಂಪು ಸೀರೆ ತಂದಿದ್ದಳು. ದೊರೆಯ ಎದುರಿಗೇ ಅದನ್ನು ಬಿಸಿನೀರಿನ ಹಂಡೆಯಲ್ಲಿ ಅದ್ದಿ, ಹಿಂಡಿ, ಕೊಡವಿ ಹಿಡಿದಳು. ಹಂಡೆಯ ನೀರು ತಿಳಿಯಾಗಿಯೇ ಇತ್ತು. ಅಂಗಳದಲ್ಲಿ ಸಿಳ್ಳೆ ಬಿತ್ತು. ದೊರೆ ಕುದುರೆಯಿಂದ ಇಳಿದು ಬಂದು ಹಂಡೆಯೊಳಗೆ ಬಗ್ಗಿ ನೋಡಿದ.

ಆಗ ವ್ಯಾಪಾರಿ ಜನರನ್ನು ಸರಿಸಿಕೊಂಡು ಮುಂದೆ ಬಂದ.

"ಮಹಾಸ್ವಾಮಿ, ನಾನು ಕೇಳಿದ್ದನ್ನ ಈ ಉಪಾಧ್ಯಾಯರು ಮಾಡ್ಲಿಲ್ಲ. ಮಾಡೋದೂ ಇಲ್ಲವಂತೆ" ಎಂದ ವ್ಯಾಪಾರಿ. "ಆದ್ರೆ ಅದನ್ನ ನನ್ನ ಮಳಿಗೆಗೇ ಬಂದು, ನನ್ನ ಮುಖ ನೋಡಿ ಹೇಳಿದ್ರು, ಯಾಕೆ ಅಂತಾನೂ ಹೇಳಿದ್ರು. ಎರಡು ದಿನ ಸಿಟ್ಟಿತ್ತು. ಮೂರನೇ ದಿನ ಯೋಚ್ನೆ ಮಾಡಿದೆ. ನನಗೆ ಬೇಡ ಅನ್ನೋದಕ್ಕೆ ಮನೆಬಾಗಿಲಿಗೆ ಬಂದೋರು ಈ ಊರಲ್ಲಿ ಇನ್ಯಾರಿದ್ದಾರೆ? ಎಲ್ಲರೂ ಹೂಂ ಅಂತಾರೆ, ಹಿಂದಿನಿಂದ ಬೇರೇನೇ ಮಾಡ್ತಾರೆ. ಶಾಲೆ ನಂದೂ ಹೌದು."

ದೊರೆ ಗಟ್ಟಿಯಾಗಿ ನಕ್ಕ.

"ಬೇಡ ಅನ್ನಿಸಿಕೊಂಡವನೂ ನನ್ನದು ಅನ್ನುತ್ತಾನೆ. ಇನ್ನು ನನ್ನ ಕುದುರೆಗೆ ಇಲ್ಲಿ ಜಾಗವೆಲ್ಲಿ?" ಎಂದ. ಲಾಯದ ಮುಖ್ಯಸ್ಥನ ಕಡೆ ತಿರುಗಿದ. "ಗೂಟ ಚೆನ್ನಾಗಿ ಹೊಡೆಸಿದ್ದೀಯೆ. ಅವು ಅಲ್ಲೇ ಇರಲಿ. ದೀಪದೆಣ್ಣೆ ಇನ್ನು ಮೇಲೆ ಅರಮನೆಯದು."

ಅಂಗಳದಲ್ಲಿ ಎದ್ದ ಕೂಗು ಕೆರೆಯ ಏರಿಯ ಮೇಲಿದ್ದವರಿಗೂ ಕೇಳಿಸಿತು. ರೈತ ಉಪಾಧ್ಯಾಯನನ್ನು ಹೆಗಲ ಮೇಲೆ ಎತ್ತಿಕೊಂಡ. ಇಳಿಸಿ ಇಳಿಸಿ ಎಂದು ಉಪಾಧ್ಯಾಯ ಅಂಗಲಾಚಿದ. ಯಾರೂ ಕೇಳಲಿಲ್ಲ. ತಂದು ಹಾಕಿದ ಹುಲ್ಲನ್ನು ಊರಿನ ಹಸುಗಳು ತಿಂದವು. ಕೆಸರುಗದ್ದೆಯವನು ತನ್ನ ಹೊಸ ಅಕ್ಕಿ ತಂದ, ವ್ಯಾಪಾರಿ ಬೆಲ್ಲ ತಂದ, ಆ ದಿನ ಶಾಲೆಯ ಅಂಗಳದಲ್ಲಿ ಊರಿಗೆಲ್ಲ ಪಾಯಸ. ಲಾಯದ ಮುಖ್ಯಸ್ಥನೂ ಮೂರು ಸಲ ಹಾಕಿಸಿಕೊಂಡ.

ಅಂದು ಸಂಜೆ ಉಪಾಧ್ಯಾಯ ಊಟಕ್ಕೆ ಕೂರುವ ಮೊದಲು ಮುದುಕಿಯ ಮನೆಗೆ ಹೋದ. ಪಾಯಸದ ಹೊತ್ತಿನಲ್ಲಿ ಹೆಣ್ಣುಮಕ್ಕಳಿಗೆ ಮರಗೆಲಸವನ್ನೂ ಕಲಿಸಿ ಎಂದೆಯಲ್ಲ, ಅದು ಈ ವರ್ಷ ಆಗುವುದಿಲ್ಲಜ್ಜಿ, ಮುಂದಿನ ವರ್ಷ ನೋಡುತ್ತೇನೆ ಎಂದು ಹೇಳಿ ಬಂದ. ಅಲ್ಲಿಂದ ಇನ್ನೊಂದು ಮನೆಗೆ ಹೋದ. ಆ ಊರಿನಲ್ಲಿ ಆಮೇಲೆ ಶಾಲೆಯ ಜಗಲಿ ಎಂದೂ ಖಾಲಿ ಬೀಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಮರುಳಸಿದ್ಧನ ಮುಖ ಅರಳಿತ್ತು. ಪಾಯಸ ತಾನೇ ಉಂಡವನಂತೆ ಎದ್ದು ನಿಂತ. "ತಿಳಿಯಿತು ಬುದ್ಧಿ. ಜನರನ್ನು ಸಭೆಗೆ ಕರೆಯಬಾರದು, ನಾವೇ ಹೋಗಬೇಕು. ನಾಳೆಯಿಂದಲೇ ಮನೆಮನೆಗೆ ಹೋಗಿ ಕೇಳುತ್ತೇನೆ. ಮುಂದಿನ ಐದು ವರ್ಷಕ್ಕೆ ನಿಮಗೆ ಏನು ಬೇಕು ಹೇಳಿ ಎನ್ನುತ್ತೇನೆ" ಎಂದ. ನಮಸ್ಕರಿಸಿ ಬಾಗಿಲ ತನಕ ಹೋದ.

"ಹೋಗಿ ಬಾ" ಎಂದರು ಗುರುಗಳು. "ಅಂದ ಹಾಗೆ, ಹೋದ ವರ್ಷ ನಿನ್ನ ಮೈಕು ಕಿತ್ತುಕೊಂಡು ಮೊದಲು ಮಾತಾಡಿದವರು ಯಾರು, ಅವರು ಕೇಳಿದ್ದೇನು?"

ಮರುಳಸಿದ್ಧ ಹೊಸ್ತಿಲ ಮೇಲೆ ನಿಂತ. ಆಮೇಲೆ ಮನೆಗಳ ಕಡೆಗಲ್ಲ, ಹೋದ ವರ್ಷದ ಸಭೆಯ ಟಿಪ್ಪಣಿ ಹುಡುಕುವುದಕ್ಕೆ ಕಾಲೇಜಿನ ಕಡೆ ನಡೆದ.